ಆಸ್ಪತ್ರೆ ಕೆಲಸಕ್ಕೆ ಸೇರುವ ತಂಗಿಗೆ ಏನು ಹೇಳಲಿ?

ಪ್ರಶ್ನೆ: ತಂಗಿ ನರ್ಸಿಂಗ್ ಮುಗಿಸಿದ್ದಾಳೆ. ಮುಂದಿನ ತಿಂಗಳು ಗೋಣಿಕೊಪ್ಪದ ಕಡೆ ಒಂದು ಸಣ್ಣ ಆಸ್ಪತ್ರೆಗೆ ಸೇರುತ್ತಾಳೆ. ಅಮ್ಮನಿಗೆ ನಿಫಾ, ಎಚ್‌ಐವಿ ಅಂತ ಒಂದೇ ಭಯ. ಒಳಗೆ ಕೆಲಸ ಮಾಡುವವರು ನಿಜವಾಗಿ ಯಾವುದಕ್ಕೆ ಹೆದರಬೇಕು?

ಸ್ಟಾಫ್ ನರ್ಸ್, ವಿರಾಜಪೇಟೆ: ಅಮ್ಮ ಸುಮ್ನೆ ಹೆದರುತ್ತಿಲ್ಲ. 2018ರಲ್ಲಿ ಕೋಝಿಕ್ಕೋಡಿನ ಕಡೆ ನಿಫಾ ಬಂದಾಗ ರೋಗಿಯನ್ನು ನೋಡಿಕೊಂಡ ನರ್ಸ್ ಒಬ್ಬರು ತೀರಿಕೊಂಡರು. ಮಾಕುಟ್ಟ ದಾಟಿದರೆ ಕೇರಳವೇ ಅಲ್ವಾ. ಆದರೆ ದಿನಾ ಕೈಯಲ್ಲೇ ಇರುವ ಅಪಾಯ ಸೂಜಿ. ಸೋಂಕಿರುವವರ ಸೂಜಿ ಚುಚ್ಚಿದರೆ ಎಚ್‌ಐವಿ ಬರುವ ಸಾಧ್ಯತೆ ಸುಮಾರು ಶೇ. 0.3. ಅದೇ ಲಸಿಕೆ ಹಾಕಿಸದವರಿಗೆ ಹೆಪಟೈಟಿಸ್ ಬಿ (ಲಿವರ್‌ನ ಸೋಂಕು) ಬರುವ ಸಾಧ್ಯತೆ ಶೇ. 6ರಿಂದ 30! ಎಲ್ಲರೂ ಎಚ್‌ಐವಿಗೆ ನಡುಗುತ್ತಾರೆ, ಇದನ್ನು ಕೇಳುವವರೇ ಇಲ್ಲ. ಮೂರು ಡೋಸ್ ಲಸಿಕೆ, 0, 1, 6ನೇ ತಿಂಗಳಲ್ಲಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್ ಟೆಸ್ಟ್, ಅಂದರೆ ಲಸಿಕೆ ಹಿಡಿದಿದೆಯಾ ಅಂತ ನೋಡುವ ರಕ್ತ ಪರೀಕ್ಷೆ, ಮಾಡಿಸಿ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ನಿಶ್ಚಿಂತೆ. ಮೊದಲು ಅವಳ ಲಸಿಕೆ ಕಾರ್ಡ್ ಹುಡುಕಿ.

ಲ್ಯಾಬ್ ಟೆಕ್ನೀಷಿಯನ್, ಮಡಿಕೇರಿ: ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದು. ಕಾಲೇಜಿನಲ್ಲಿ ಎಲ್ಲರೂ ಕಲಿತಿರುತ್ತಾರೆ, ರಾತ್ರಿ ಡ್ಯೂಟಿಯಲ್ಲಿ ಎಲ್ಲರೂ ಹಾಕುತ್ತಾರೆ. ಹಿಂದೆ ನಾನಿದ್ದ ಕಡೆ ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋಯಿತು. ಜನರೇಟರ್ ಇನ್ನೂ ಶುರುವಾಗಿರಲಿಲ್ಲ. ಹೊಸ ಹುಡುಗಿ ಎಡಗೈಯಲ್ಲಿ ಕ್ಯಾಪ್ ಹಿಡಿದು ಅಂದಾಜಿನಲ್ಲಿ ತೂರಿಸಿದಳು. ಸೂಜಿ ಗ್ಲೌಸ್ ದಾಟಿ ತೋರುಬೆರಳಿಗೆ ಹೋಯಿತು. ಬೆರಳು ಹಿಂಡಿ ಹಿಂಡಿ ರಕ್ತ ತೆಗೆದಳು, ಮೇಲೆ ಸ್ಪಿರಿಟ್ ಸುರಿದಳು. ಎರಡೂ ಬೇಡ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದರೆ ಸಾಕು. ಬೈಗುಳಕ್ಕೆ ಹೆದರಿ ಬೆಳಗಿನವರೆಗೆ ಯಾರಿಗೂ ಹೇಳಲಿಲ್ಲ, ಅದೇ ದೊಡ್ಡ ತೊಂದರೆ. ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸ್ ಆದಷ್ಟು 2 ಗಂಟೆಯೊಳಗೆ ಬೀಳಬೇಕು. 72 ಗಂಟೆ ದಾಟಿದರೆ ಕೊಡುವುದಿಲ್ಲ. ಶುರು ಮಾಡಿದರೆ 28 ದಿನ ಬಿಡದೆ ನುಂಗಬೇಕು.

ತಂಗಿ ಸೇರಿದ ದಿನವೇ ಕೇಳಲಿ: ಆ ಮಾತ್ರೆ ಇಲ್ಲಿದೆಯಾ, ರಾತ್ರಿ ಬೀರು ಬೀಗದ ಕೈ ಯಾರ ಹತ್ತಿರ? ಜುಲೈನಲ್ಲಿ ರಸ್ತೆಗೆ ಮರ ಬಿದ್ದರೆ ಮಡಿಕೇರಿ ಜಿಲ್ಲಾಸ್ಪತ್ರೆಗೆ ಬರುವಷ್ಟರಲ್ಲಿ ಬೆಳಗಾಗುತ್ತದೆ.

ಆಯಾ, ಸೋಮವಾರಪೇಟೆ: ಸಿಸ್ಟರ್‌ಗಳು ಬಿಸಾಕಿದ್ದು ನಮಗೆ ಚುಚ್ಚುತ್ತದೆ, ಅದನ್ನೂ ಬರೆಯಿರಿ. ಹಳದಿ ಚೀಲ ಎತ್ತಿ ಹೊರಟರೆ ಒಳಗಿನ ಸೂಜಿ ಸೀರೆ ದಾಟಿ ತೊಡೆಗೆ ತಾಗುತ್ತದೆ. ಯಾವ ರೋಗಿಯದು ಅಂತ ಯಾರನ್ನು ಕೇಳುವುದು? ಸೂಜಿ ಹೋಗಬೇಕಾದ್ದು ಬಿಳಿ ಗಟ್ಟಿ ಡಬ್ಬಕ್ಕೆ. ಕಸ ಎತ್ತುವವರಿಗೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು ಅಂತ 2016ರ ಬಯೋಮೆಡಿಕಲ್ ವೇಸ್ಟ್ ನಿಯಮದಲ್ಲೇ ಇದೆ. ನಮಗೆ ಯಾರೂ ಹೇಳಿರಲಿಲ್ಲ. ನಾವೇ ಕೇಳಿ ಹಾಕಿಸಿಕೊಂಡೆವು.

ಸ್ಟಾಫ್ ನರ್ಸ್, ವಿರಾಜಪೇಟೆ: ಅಕ್ಕ ಹೇಳಿದ್ದು ಸರಿ. ಇನ್ನೊಂದು, ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಅದಕ್ಕೇ ಚುಚ್ಚಿದ ದಿನವೇ ರಕ್ತ ಕೊಟ್ಟು, ಆಮೇಲೆ ಹೇಳಿದ ದಿನಗಳಲ್ಲಿ ಮತ್ತೆ ಟೆಸ್ಟ್ ಮಾಡಿಸಬೇಕು.

ಪ್ರಶ್ನೆ ಕೇಳಿದವರು: ಕಾರ್ಡ್ ಸಿಕ್ಕಿತು. ಕಾಲೇಜಿನಲ್ಲಿ ಎರಡು ಡೋಸ್ ಆಗಿದೆ, ಮೂರನೆಯದು ಇಲ್ಲ. ಮೊದಲಿಂದ ಶುರು ಮಾಡಬೇಕಾ?

ಸ್ಟಾಫ್ ನರ್ಸ್, ವಿರಾಜಪೇಟೆ: ಬೇಡ. ಬಾಕಿ ಇರುವ ಒಂದು ಡೋಸ್ ಈ ವಾರವೇ ಹಾಕಿಸಿ. ಟೈಟರ್ ಮರೆಯಬೇಡಿ.