ಮರಿ ಎತ್ತಬೇಕೋ ಬೇಡವೋ: ನಮ್ಮ ಮನೆ ಗುಂಪಿನಲ್ಲಿ ಎರಡು ದಿನದ ಜಗಳ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮನುಷ್ಯರ ಫೋಟೋಗಿಂತ ಹಕ್ಕಿಗಳ ಫೋಟೋ ಜಾಸ್ತಿ. ಅತ್ತೆ ಆಸ್ಟ್ರೇಲಿಯಾದಲ್ಲಿದ್ದಾರೆ, ಪೆಟ್ಟಾದ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವವರ ಜೊತೆ ಓಡಾಡುತ್ತಾರೆ. ದೊಡ್ಡಪ್ಪನ ಮಗಳು, ಅಂದರೆ ನನ್ನ ಅಕ್ಕ, ಇಂಗ್ಲೆಂಡಿನಲ್ಲಿ. ಚಿಕ್ಕಪ್ಪ ಅಮೆರಿಕದಲ್ಲಿ. ದೊಡ್ಡಪ್ಪ ಮತ್ತು ನಾನು ಭಾರತದಲ್ಲಿ. ಒಬ್ಬರಿಗೆ ಬೆಳಗಾದಾಗ ಇನ್ನೊಬ್ಬರಿಗೆ ರಾತ್ರಿ. ಹಾಗಾಗಿ ನಮ್ಮಲ್ಲಿ ಒಂದು ಮಾತು ಹುಟ್ಟಿದರೆ ಅದು ಸೂರ್ಯನ ಜೊತೆಗೇ ಭೂಮಿ ಸುತ್ತಿ ಬರುತ್ತದೆ.

ಕಳೆದ ವಾರ ದೊಡ್ಡಪ್ಪ ಒಂದು ವಿಡಿಯೋ ಫಾರ್ವರ್ಡ್ ಮಾಡಿದರು. ಪೊದೆಯ ಬುಡದಲ್ಲಿ ಒಂದು ಪಿಕಳಾರದ ಮರಿ. ಒಬ್ಬರು ಅದನ್ನು ಎತ್ತಿ ಮನೆಗೆ ಒಯ್ಯುತ್ತಾರೆ, ಡ್ರಾಪರ್‌ನಲ್ಲಿ ಹಾಲು ಹನಿಸುತ್ತಾರೆ. ಕೊನೆಗೆ ಮರಿ ಬೆರಳ ಮೇಲೆ ಕೂರುತ್ತದೆ. ಕೆಳಗೆ ಬರೆದಿತ್ತು: 'ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ. ಅದಕ್ಕೇ ಈ ಪುಣ್ಯಾತ್ಮ ತಾನೇ ತಾಯಿಯಾದ. ಹತ್ತು ಗುಂಪಿಗೆ ಕಳಿಸಿ.'

ಮೊದಲು ಉತ್ತರ ಬಂದದ್ದು ಇಂಗ್ಲೆಂಡಿನಿಂದ.

ಅಕ್ಕ: ಅಪ್ಪಾ, ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಆ ಮರಿ ಅನಾಥ ಅಲ್ಲ.

ದೊಡ್ಡಪ್ಪ: ನಿನಗೆ ಹೇಗೆ ಗೊತ್ತು? ನೆಲದ ಮೇಲೆ ಒಂಟಿಯಾಗಿ ಬಿದ್ದಿದೆಯಲ್ಲ.

ಅಕ್ಕ: ಬಿದ್ದಿಲ್ಲ ಅಪ್ಪಾ, ಇಳಿದಿದೆ. ಮೈತುಂಬ ಪುಕ್ಕ ಬಂದಿದೆ ನೋಡಿ. ಬಾಲ ಮಾತ್ರ ಮೋಟು. ಬಾಯಂಚು ಇನ್ನೂ ಹಳದಿ. ಬಹಳಷ್ಟು ಹಾಡುಹಕ್ಕಿಗಳ ಮರಿಗಳು ಹಾರಲು ಸರಿಯಾಗಿ ಬರುವ ಮೊದಲೇ ಗೂಡು ಬಿಡುತ್ತವೆ. ಕೆಲವು ದಿನ ನೆಲದ ಮೇಲೆ, ಪೊದೆಗಳಲ್ಲಿ ಕುಪ್ಪಳಿಸಿಕೊಂಡಿರುತ್ತವೆ. ಅಪ್ಪ ಅಮ್ಮ ಅಲ್ಲಿಗೇ ಬಂದು ಗುಟುಕು ಕೊಡುತ್ತಾರೆ. ಕ್ಯಾಮೆರಾ ಹಿಡಿದವರು ಪಕ್ಕದಲ್ಲೇ ನಿಂತಿದ್ದರೆ ಅವು ಹೇಗೆ ಬರಬೇಕು?

ದೊಡ್ಡಪ್ಪ: ಗೂಡಿನಲ್ಲಿರಬೇಕಾದ ಕೂಸು ನೆಲದಲ್ಲಿದೆ ಅಂದರೆ ಅದಕ್ಕೆ ಕಷ್ಟ ಬಂದಿದೆ ಎಂದೇ ಅರ್ಥ. ನೀವೆಲ್ಲ ದೂರ ನಿಂತು ಪಾಠ ಹೇಳುತ್ತೀರಿ. ಆತ ಬಗ್ಗಿ ಎತ್ತಿಕೊಂಡ. ಅದು ಕರುಣೆ.

ಈ ಮಾತು ಅಕ್ಕನಿಗೆ ನೋವು ತಂದಿತು. ನನಗೂ. ಅವಳು ಬಿಡುವಿದ್ದ ದಿನಗಳಲ್ಲಿ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ಹಾಕುವ ತಂಡದ ಜೊತೆ ಹೋಗುತ್ತಾಳೆ. ನಸುಕಿನಲ್ಲಿ ಎದ್ದು, ಚಳಿಯಲ್ಲಿ ನಿಂತು, ಅಂಗೈಯಷ್ಟೂ ಇಲ್ಲದ ಹಕ್ಕಿಗಳನ್ನು ಹಿಡಿದು ತೂಗಿ ಬಿಡುವವಳು ಅವಳು.

ಅಕ್ಕ: ಮುಟ್ಟಿದರೆ ತಾಯಿ ಸೇರಿಸಲ್ಲ ಎನ್ನುವುದು ಸುಳ್ಳು. 1899ರಲ್ಲಿ ಡೆನ್ಮಾರ್ಕಿನಲ್ಲಿ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್ ಎಂಬ ಮೇಷ್ಟ್ರು ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿದರು. ಈ ಕೆಲಸ ಕ್ರಮವಾಗಿ ಶುರುವಾದದ್ದು ಅಲ್ಲಿಂದ. ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಗೂಡಿನಿಂದ ಮರಿ ತೆಗೆದು, ಕೈಯಲ್ಲಿ ಹಿಡಿದು, ಉಂಗುರ ಹಾಕಿ, ಮತ್ತೆ ಗೂಡಿಗೆ ಇಡುತ್ತೇವೆ. ತಾಯಿ ಬಂದು ಗುಟುಕು ಕೊಡುತ್ತದೆ. ಮುಟ್ಟಿದ್ದಕ್ಕೇ ಬಿಟ್ಟು ಹೋಗುವುದಾಗಿದ್ದರೆ ಇಷ್ಟು ವರ್ಷ ಈ ಕೆಲಸ ನಡೆಯುತ್ತಿತ್ತಾ?

ಅಲ್ಲಿಗೆ ಮಾತು ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅಮೆರಿಕದಲ್ಲಿ ಬೆಳಗಾಯಿತು. ಚಿಕ್ಕಪ್ಪ ಅಕ್ಕನಿಗೆ ಬೆಂಬಲ ಕೊಡಲು ಬಂದರು, ಆದರೆ ಅವರ ಮಾತು ಹೋಗಿ ಸೇರಿದ್ದು ದೊಡ್ಡಪ್ಪನ ಕಡೆಗೆ.

ಚಿಕ್ಕಪ್ಪ: ಅಣ್ಣ, 2016ರಲ್ಲಿ ಯೆಲ್ಲೋಸ್ಟೋನ್ ಪಾರ್ಕಿನಲ್ಲಿ ನಡೆದದ್ದು ನೆನಪಿದೆಯಾ? ಒಂದು ಬೈಸನ್ ಕರುವಿಗೆ ಚಳಿ ಆಗುತ್ತಿದೆ ಅಂತ ಪ್ರವಾಸಿಗರು ಅದನ್ನು ಕಾರಿಗೆ ಹತ್ತಿಸಿಕೊಂಡರು. ಪಾರ್ಕಿನವರು ಮತ್ತೆ ಮತ್ತೆ ಹಿಂಡಿಗೆ ಸೇರಿಸಲು ನೋಡಿದರು. ಹಿಂಡು ಸೇರಿಸಿಕೊಳ್ಳಲಿಲ್ಲ. ಕರು ರಸ್ತೆಗೆ ಬಂದು ಕಾರುಗಳ ಹಿಂದೆ, ಜನರ ಹಿಂದೆ ಹೋಗತೊಡಗಿತು. ಕೊನೆಗೆ ಅದಕ್ಕೆ ದಯಾಮರಣ ಕೊಡಬೇಕಾಯಿತು.

ದೊಡ್ಡಪ್ಪ: ಮುಟ್ಟಿದ ಮೇಲೆ ಸೇರಿಸಲಿಲ್ಲ ಅಂತ ನೀನೇ ಹೇಳುತ್ತಿದ್ದೀಯಲ್ಲ! ನಾನು ಹೇಳಿದ್ದೂ ಅದನ್ನೇ.

ದೊಡ್ಡಪ್ಪನ ಪ್ರಶ್ನೆ ನ್ಯಾಯವಾದದ್ದೇ. ಅಕ್ಕ ಒಂದು ಕಡೆ ಸುಳ್ಳು ಅನ್ನುತ್ತಾಳೆ, ಚಿಕ್ಕಪ್ಪ ಇನ್ನೊಂದು ಕಡೆ ನಿಜ ಅನ್ನುವಂತಿದೆ. ನಾನೂ ಸ್ವಲ್ಪ ಹೊತ್ತು ಯೋಚಿಸಿದೆ.

ಅಕ್ಕ: ಹಕ್ಕಿ ಬೇರೆ, ಬೈಸನ್ ಬೇರೆ ಅಪ್ಪಾ. ಆ ಕರುವನ್ನು ಬರೀ ಮುಟ್ಟಲಿಲ್ಲ, ತಾಯಿಯಿಂದ ಬಿಡಿಸಿ ಕಾರಿನಲ್ಲಿ ಕೊಂಡೊಯ್ದರು.

ನಾನು: ದೊಡ್ಡಪ್ಪ, ಒಂದು ಮಾತು ಕೇಳಲಾ? ಮುಟ್ಟಿದರೆ ತಾಯಿ ಬಿಡುತ್ತಾಳೆ ಅಂತ ಆ ವಿಡಿಯೋದವರು ನಿಜವಾಗಿ ನಂಬಿದ್ದರೆ, ಮೊದಲು ಮುಟ್ಟಿದ್ದೇಕೆ? ಆ ನಂಬಿಕೆ ಮುಟ್ಟದೇ ಇರಲು ಕಾರಣ ಆಗಬೇಕಿತ್ತು. ಮನೆಗೆ ಒಯ್ಯಲು ಕಾರಣ ಹೇಗಾಯಿತು?

ದೊಡ್ಡಪ್ಪನಿಂದ ಉತ್ತರ ಬರಲಿಲ್ಲ. ನೀಲಿ ಟಿಕ್ ಮಾತ್ರ ಬಂತು.

ಮರುದಿನ ಅತ್ತೆ ಎದ್ದು ಎಲ್ಲವನ್ನೂ ಓದಿ, ದೊಡ್ಡಪ್ಪನ ಪರ ನಿಂತರು. ಅವರು ನಿಲ್ಲಬಹುದು ಎಂದು ಯಾರೂ ಅಂದುಕೊಂಡಿರಲಿಲ್ಲ.

ಅತ್ತೆ: ನೀವೆಲ್ಲ ಅಣ್ಣನ ಮೇಲೆ ಬೀಳಬೇಡಿ. ಇಲ್ಲಿ ರಸ್ತೆ ಬದಿ ಕಾಂಗರೂ ಸತ್ತು ಬಿದ್ದಿದ್ದರೆ ಸುಮ್ನೆ ದಾಟಿ ಹೋಗುವುದು ತಪ್ಪು. ಜಾಗ ಸುರಕ್ಷಿತವಾಗಿದ್ದರೆ ಗಾಡಿ ನಿಲ್ಲಿಸಿ ಚೀಲದೊಳಗೆ ನೋಡಬೇಕು. ತಾಯಿ ಸತ್ತರೂ ಮರಿ ಒಳಗೆ ಬದುಕಿರಬಹುದು. ಅದು ಮೊಲೆತೊಟ್ಟು ಕಚ್ಚಿಕೊಂಡಿದ್ದರೆ ಎಳೆಯಬಾರದು, ಬಾಯಿಗೆ ಪೆಟ್ಟಾಗುತ್ತದೆ. ಸಹಾಯವಾಣಿಗೆ ಫೋನ್ ಮಾಡಿ ಅವರು ಹೇಳಿದ ಹಾಗೆ ಮಾಡಬೇಕು. ಹಸುವಿನ ಹಾಲಂತೂ ಕೊಡಲೇಬಾರದು. ಬಗ್ಗಿ ನೋಡುವ ಮನಸ್ಸು ಇಲ್ಲದವರಿಗೆ ಇದ್ಯಾವುದೂ ಕಾಣುವುದಿಲ್ಲ. ಅಣ್ಣನಿಗೆ ಆ ಮನಸ್ಸಿದೆ.

ಅಕ್ಕ: ಇಲ್ಲಿಯೂ ಒಂದು ಹಕ್ಕಿ ಹಾಗಿದೆ ಅತ್ತೆ. ಸ್ವಿಫ್ಟ್ ಅಂತ, ನಮ್ಮ ಬಾನಾಡಿಯ ಜಾತಿ. ಮೊಟ್ಟೆ ಇಡಲು ಗೂಡಿಗೆ ಬರುವುದು ಬಿಟ್ಟರೆ ಬದುಕೆಲ್ಲ ಗಾಳಿಯಲ್ಲೇ. ಹತ್ತು ತಿಂಗಳವರೆಗೂ ಕೆಳಗಿಳಿಯದೆ ಹಾರುತ್ತವೆ ಅಂತ 2016ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಡುಕೊಂಡರು. ಅದರ ಮರಿ ಗೂಡಿನಿಂದ ನೇರ ಆಕಾಶಕ್ಕೆ ಹಾರುತ್ತದೆ. ನೆಲದ ಮೇಲೆ ಕಂಡರೆ ಕಾಯಬಾರದು, ಎತ್ತಲೇಬೇಕು.

ಅತ್ತೆ: ಹಾಗಾದರೆ ಎತ್ತುವುದೇ ತಪ್ಪು ಅಂತ ಅಲ್ಲ. ಯಾವುದನ್ನು, ಯಾವಾಗ ಅನ್ನುವುದು ಗೊತ್ತಿರಬೇಕು, ಅಲ್ವಾ?

ಚಿಕ್ಕಪ್ಪ: ಜಿಂಕೆ ಮರಿಯೂ ಹಾಗೇ. ತಾಯಿ ಅದನ್ನು ಹುಲ್ಲಿನಲ್ಲಿ ಮಲಗಿಸಿ ಗಂಟೆಗಟ್ಟಲೆ ಮೇಯಲು ಹೋಗುತ್ತದೆ. ಮರಿಗೆ ಮೈವಾಸನೆ ಕಡಿಮೆ, ಅಲುಗಾಡದೆ ಬಿದ್ದಿರುತ್ತದೆ. ನೋಡಿದವರಿಗೆ ಅನಾಥ ಅನಿಸುತ್ತದೆ. ಇಲ್ಲಿ ಪ್ರತಿ ವಸಂತದಲ್ಲೂ ಜನ ಅದನ್ನು ಎತ್ತಿಕೊಂಡು ಬರುತ್ತಾರೆ.

ನನಗೆ ಚಿರತೆ ನೆನಪಾಯಿತು. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಮರಿ ಹಾಕುತ್ತವೆ. ಕಟಾವಿನ ಸಮಯದಲ್ಲಿ ಕೂಲಿಯವರಿಗೆ ಮರಿಗಳು ಸಿಗುತ್ತವೆ. ಅರಣ್ಯ ಇಲಾಖೆಯವರು ಬಂದು, ಮರಿಗಳ ಆರೋಗ್ಯ ನೋಡಿ, ಸಂಜೆ ಅದೇ ಜಾಗದಲ್ಲಿ ಪೆಟ್ಟಿಗೆಯಲ್ಲಿಟ್ಟು ದೂರ ಸರಿಯುತ್ತಾರೆ. ರಾತ್ರಿ ತಾಯಿ ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋಗುವುದು ಕ್ಯಾಮೆರಾದಲ್ಲಿ ದಾಖಲಾಗಿದೆ. ಮನುಷ್ಯರು ಮುಟ್ಟಿದ ಮರಿಗಳು ಅವು. ಇದನ್ನು ಗುಂಪಿನಲ್ಲಿ ಬರೆದೆ. ಜೊತೆಗೆ ಇನ್ನೊಂದನ್ನೂ ಬರೆದೆ, ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನು: ನಾನು ಹತ್ತು ವರ್ಷದವಳಿದ್ದಾಗ ಒಂದು ಮೈನಾ ಮರಿ ತಂದಿದ್ದೆ. ಎಲ್ಲರಿಗೂ ಅದು ಹಾರಿಹೋಯಿತು ಅಂತ ಹೇಳಿದ್ದೆ. ಹಾರಿಹೋಗಲಿಲ್ಲ. ಬಾಯಾರಿಕೆ ಆಗಿರಬೇಕು ಅಂತ ಕೊಕ್ಕು ಬಿಡಿಸಿ ನೀರು ಹಾಕಿದೆ. ಅದೇ ರಾತ್ರಿ ಸತ್ತಿತು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ ಅಂತ ಆಮೇಲೆ ಓದಿದೆ. ಮೇಲಿನಿಂದ ಹನಿಸಿದ ನೀರು ನೇರ ಅಲ್ಲಿಗೆ ಹೋಗುತ್ತದೆ. ವಿಡಿಯೋದಲ್ಲಿ ಡ್ರಾಪರ್ ನೋಡಿದಾಗ ಆ ಮೈನಾ ಕಣ್ಣಿಗೆ ಬಂತು.

ತುಂಬ ಹೊತ್ತು ಯಾರೂ ಏನೂ ಬರೆಯಲಿಲ್ಲ. ಮತ್ತೆ ದೊಡ್ಡಪ್ಪ 'ಟೈಪಿಂಗ್' ಅಂತ ಬಂತು, ನಿಂತಿತು, ಮತ್ತೆ ಬಂತು.

ದೊಡ್ಡಪ್ಪ: ಆ ಮೈನಾಗೆ ಪೆಟ್ಟಿಗೆ ತಂದುಕೊಟ್ಟವನು ನಾನೇ ಮಗಳೇ. ಹತ್ತಿ ಹಾಸಿಕೊಟ್ಟವನೂ ನಾನೇ. ಆಗ ನನಗೂ ಗೊತ್ತಿರಲಿಲ್ಲ.

ಸ್ವಲ್ಪ ಬಿಟ್ಟು ಇನ್ನೊಂದು ಮೆಸೇಜ್.

ದೊಡ್ಡಪ್ಪ: ಸರಿ. ಎಷ್ಟು ಹೊತ್ತು ಕಾಯಬೇಕು ಅಂತ ಹೇಳಿ.

ಆಮೇಲೆ ಗುಂಪಿನಲ್ಲಿ ಮಾತಿನ ಮಳೆ. ಪುಕ್ಕ ಬಂದ ಮರಿಯಾದರೆ ದೂರ ಹೋಗಿ, ಮರೆಯಲ್ಲಿ ನಿಂತು, ಒಂದೆರಡು ಗಂಟೆ ನೋಡಿ ಎಂದಳು ಅಕ್ಕ. ಮೈ ಬೋಳಾಗಿದ್ದು ಕಣ್ಣು ತೆರೆಯದ ಮರಿಯಾದರೆ ಕಾಯುವುದು ಬೇಡ, ಗೂಡು ಹುಡುಕಿ ಮೆಲ್ಲಗೆ ಒಳಗಿಡಿ ಎಂದಳು. ಇಂಗ್ಲೆಂಡಿನ ಕಾಡುಮೊಲದ ಲೆಕ್ಕವೇ ಬೇರೆಯಂತೆ. ತಾಯಿ ದಿನಕ್ಕೆ ಒಂದೇ ಸಲ, ಸೂರ್ಯ ಮುಳುಗಿದ ಮೇಲೆ ಹಾಲು ಕೊಡಲು ಬರುತ್ತದೆ. ಹಗಲೆಲ್ಲ ಕಾದರೂ ಕಾಣುವುದಿಲ್ಲ. ರಕ್ತ ಬಂದಿದ್ದರೆ, ರೆಕ್ಕೆ ಜೋತಿದ್ದರೆ, ನೊಣ ಮುತ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ ಎಂದರು ಅತ್ತೆ. ಹೆಚ್ಚಿನ ಕಾಡುಹಕ್ಕಿಗಳ ಮರಿಗಳನ್ನು ಅಪ್ಪಣೆ ಇಲ್ಲದೆ ಸಾಕುವುದು ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆಗೆ ವಿರುದ್ಧ ಎಂದರು ಚಿಕ್ಕಪ್ಪ. ನಮ್ಮಲ್ಲಿಯೂ 1972ರ ವನ್ಯಜೀವಿ ಕಾಯ್ದೆ ಇದೆ, ನಮ್ಮ ಕಾಡಿನ ಹಕ್ಕಿಗಳನ್ನು ಮನೆಯಲ್ಲಿಟ್ಟು ಸಾಕುವಂತಿಲ್ಲ ಎಂದೆ ನಾನು.

ದೊಡ್ಡಪ್ಪ ಎಲ್ಲ ಓದಿದರು. ಆದರೆ ಒಂದು ವಿಷಯ ಬಿಡಲಿಲ್ಲ.

ದೊಡ್ಡಪ್ಪ: ನಾನು ಮರೆಯಲ್ಲಿ ನಿಂತಿರುವಾಗ ಬೆಕ್ಕು ಬಂದರೆ? ಎರಡು ಗಂಟೆ ಆಗಲಿ ಅಂತ ನೋಡುತ್ತಾ ನಿಲ್ಲುವವನಲ್ಲ ನಾನು. ಎತ್ತೇ ಎತ್ತುತ್ತೇನೆ.

ಅಕ್ಕ: ಎತ್ತಿ ಅಪ್ಪಾ. ಎತ್ತಿ ಪಕ್ಕದ ಪೊದೆಯೊಳಗೆ, ಸ್ವಲ್ಪ ಎತ್ತರದ ಕೊಂಬೆಯ ಮೇಲೆ ಕೂರಿಸಿ. ಅದು ಕೂಗುವುದು ಅಪ್ಪ ಅಮ್ಮನಿಗೆ ಕೇಳಬೇಕು, ಅಷ್ಟು ಹತ್ತಿರ. ಮನೆಯೊಳಗೆ ಬೇಡ.

ಅತ್ತೆ: ಬೆಕ್ಕು ಬಾಯಿ ಹಾಕಿಬಿಟ್ಟಿದ್ದರೆ ಮಾತ್ರ ಪೊದೆಗೂ ಬೇಡ ಅಣ್ಣ. ಗಾಯ ಕಾಣದಿದ್ದರೂ ಬೆಕ್ಕಿನ ಜೊಲ್ಲಿನ ಬ್ಯಾಕ್ಟೀರಿಯಾ ಒಳಗೆ ಹೋಗಿರಬಹುದು. ನೇರ ಪಶುವೈದ್ಯರ ಹತ್ತಿರ ಒಯ್ಯಿ. ತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲೆಯಲ್ಲಿ, ಬಾಯಿಗೆ ಏನೂ ಹಾಕದೆ.

ದೊಡ್ಡಪ್ಪ: ಪೆಟ್ಟಿಗೆ ಹೇಗೆ ಮಾಡಬೇಕು ಅಂತ ನನಗೆ ಗೊತ್ತು. ಹಾಲು ಬೇಡ, ನೀರು ಬೇಡ. ಬೆಕ್ಕು ಬಂದರೆ ಪೊದೆ, ಬೆಕ್ಕು ಕಚ್ಚಿದರೆ ಡಾಕ್ಟರು. ಇಷ್ಟೇ ತಾನೇ?

ಅಕ್ಕ: ಇಷ್ಟೇ ಅಪ್ಪಾ.

ದೊಡ್ಡಪ್ಪ: ವಿಡಿಯೋ ಅಳಿಸಿದ್ದೇನೆ. ಇನ್ನೂ ಮೂರು ಗುಂಪಿಗೆ ಕಳಿಸಿಬಿಟ್ಟಿದ್ದೆ. ಅಲ್ಲಿಗೆ ಏನು ಬರೆಯಬೇಕು ಅಂತ ನೀನೇ ಬರೆದು ಕಳಿಸು. ದೊಡ್ಡ ಅಕ್ಷರದಲ್ಲಿ ಬರೆ, ನನ್ನ ಸ್ನೇಹಿತರು ಯಾರೂ ಕನ್ನಡಕ ಹಾಕಿಕೊಳ್ಳುವುದಿಲ್ಲ.