ಹಳೆಯ ಫ್ಲಾಸ್ಕ್ ಪ್ರಾಜೆಕ್ಟ್: ಒಂದು ಎರರ್ ಸರಿಪಡಿಸಿದರೆ ಮತ್ತೊಂದು ಬರುತ್ತಿದೆ

ಪ್ರಶ್ನೆ:
ನಮಸ್ಕಾರ. 2020ರ ಕೊನೆಯಲ್ಲಿ ಬರೆದ ಪೈಥಾನ್ ಪ್ರಾಜೆಕ್ಟ್ ಒಂದನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಓಡಿಸಬೇಕಾಗಿದೆ. ಅದರ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ (ಬೇಕಾದ ಲೈಬ್ರರಿಗಳ ಪಟ್ಟಿ) ಇರುವುದು ಫ್ಲಾಸ್ಕ್ 1.1.2 ಎಂಬ ಒಂದೇ ಸಾಲು; ಫ್ಲಾಸ್ಕ್ ಎಂದರೆ ವೆಬ್‌ಸೈಟ್ ಕಟ್ಟುವ ಪೈಥಾನ್ ಲೈಬ್ರರಿ. ಲೈಬ್ರರಿಗಳನ್ನು ತರುವ ಪಿಪ್ ಯಾವ ತಕರಾರೂ ಇಲ್ಲದೆ ಇನ್‌ಸ್ಟಾಲ್ ಮಾಡುತ್ತದೆ. ಆದರೆ ಪ್ರೋಗ್ರಾಂ ಶುರುವಾದ ಕೂಡಲೇ ಜಿಂಜಾ ಎಂಬ ಟೆಂಪ್ಲೇಟ್ ಲೈಬ್ರರಿಯಲ್ಲಿ ‘ಎಸ್ಕೇಪ್’ ಎಂಬ ಫಂಕ್ಷನ್ ಸಿಗುತ್ತಿಲ್ಲ ಎಂಬ ಇಂಪೋರ್ಟ್ ಎರರ್ ಬರುತ್ತದೆ. ಜಿಂಜಾವನ್ನು 2.11.3ಕ್ಕೆ ಇಳಿಸಿದರೆ, ಮಾರ್ಕಪ್‌ಸೇಫ್ ಎಂಬ ಇನ್ನೊಂದು ಲೈಬ್ರರಿಯಲ್ಲಿ ‘ಸಾಫ್ಟ್ ಯೂನಿಕೋಡ್’ ಇಲ್ಲ ಎನ್ನುತ್ತದೆ. ನಮ್ಮ ಕೋಡಿನಲ್ಲಿ ಮಾರ್ಕಪ್‌ಸೇಫ್‌ನ ಹೆಸರೇ ಇಲ್ಲ. ಒಂದಕ್ಷರವೂ ಬದಲಾಗದ ಕೋಡು ಹೀಗೇಕೆ ನಿಂತುಹೋಯಿತು?

ಮೊದಲ ಉತ್ತರ:
ನೀವು ಒಂದೇ ಆವೃತ್ತಿಗೆ ಕಟ್ಟಿಹಾಕಿರುವುದು ಫ್ಲಾಸ್ಕನ್ನು ಮಾತ್ರ. ಅದು ತನ್ನ ಜೊತೆ ಎಳೆದುಕೊಂಡು ಬರುವ ಲೈಬ್ರರಿಗಳನ್ನಲ್ಲ. ಫ್ಲಾಸ್ಕ್ 1.1.2 ತನಗೆ ಜಿಂಜಾ 2.10.1 ಅಥವಾ ಅದಕ್ಕಿಂತ ಹೊಸದು ಬೇಕು ಎಂದಷ್ಟೇ ಹೇಳುತ್ತದೆ, ಮೇಲಿನ ಮಿತಿಯನ್ನು ಹೇಳುವುದಿಲ್ಲ. ಆದ್ದರಿಂದ ಪಿಪ್ ಇಂದು ದೊರೆಯುವ ಹೊಸ ಜಿಂಜಾವನ್ನು ತರುತ್ತದೆ. 2022ರ ಮಾರ್ಚ್‌ನಲ್ಲಿ ಬಂದ ಜಿಂಜಾ 3.1ರಲ್ಲಿ ‘ಎಸ್ಕೇಪ್’ ಅನ್ನು ತೆಗೆದುಹಾಕಲಾಗಿದೆ. ಅದಕ್ಕೂ ಒಂದು ತಿಂಗಳು ಮೊದಲು ಮಾರ್ಕಪ್‌ಸೇಫ್ 2.1ರಲ್ಲಿ ‘ಸಾಫ್ಟ್ ಯೂನಿಕೋಡ್’ ಹೋಯಿತು. ಹಳೆಯ ಜಿಂಜಾಕ್ಕೆ ಅದು ಬೇಕೇ ಬೇಕು. ಇವೆರಡನ್ನೂ ದಾಟಿದರೂ ಫ್ಲಾಸ್ಕಿಗೆ ಬೇಕಾದ ಮತ್ತೊಂದು ಲೈಬ್ರರಿಯಾದ ಇಟ್ಸ್‌ಡೇಂಜರಸ್ 2.1ರಲ್ಲಿ ‘ಜೇಸನ್’ ಇಲ್ಲವೆಂಬ ಮೂರನೆಯ ಎರರ್ ನಿಮಗಾಗಿ ಕಾದಿದೆ.

ಫ್ಲಾಸ್ಕನ್ನು 1.1.4ಕ್ಕೆ ಏರಿಸಿ. 1.1 ಸರಣಿಗೆ 2021ರ ಮೇ ತಿಂಗಳಲ್ಲಿ ಅವಲಂಬನೆಗಳ ಆವೃತ್ತಿಗೆ ಗರಿಷ್ಠ ಮಿತಿಗಳನ್ನು ಸೇರಿಸಲಾಯಿತು. ಜಿಂಜಾ, ವೆರ್ಕ್‌ಜಾಯ್ಗ್, ಇಟ್ಸ್‌ಡೇಂಜರಸ್, ಕ್ಲಿಕ್ ಎಂಬ, ಫ್ಲಾಸ್ಕ್ ನೇರವಾಗಿ ಬಳಸುವ ನಾಲ್ಕೂ ಲೈಬ್ರರಿಗಳು ಹತೋಟಿಗೆ ಬರುತ್ತವೆ. ಮಾರ್ಕಪ್‌ಸೇಫ್ ಜಿಂಜಾದ ಅವಲಂಬನೆಯಾದ್ದರಿಂದ ಫ್ಲಾಸ್ಕ್ ಅದನ್ನು ತಡೆಯಲಾರದು. ಅದಕ್ಕೆ 2.0.1 ಎಂದು ನೀವೇ ಒಂದು ಸಾಲು ಬರೆಯಬೇಕು.

ಎರಡನೆಯ ಉತ್ತರ:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಪ್ರಾಜೆಕ್ಟ್ ದೊಡ್ಡದಾಗಿದ್ದರೆ ಎರರ್‌ಗಳ ಬೆನ್ನು ಹತ್ತಿ ಒಂದೊಂದೇ ಲೈಬ್ರರಿಯನ್ನು ಇಳಿಸುತ್ತ ಹೋಗುವುದಕ್ಕಿಂತ ಎಲ್ಲವನ್ನೂ ಒಂದೇ ದಿನಾಂಕಕ್ಕೆ ಹಿಂದಕ್ಕೊಯ್ಯುವುದು ಮೇಲು. ಪಿಪ್‌ನಂತೆಯೇ ಲೈಬ್ರರಿಗಳನ್ನು ತರುವ ಯುವಿ ಎಂಬ ಸಾಧನದಲ್ಲಿ ‘ಎಕ್ಸ್‌ಕ್ಲೂಡ್ ನ್ಯೂಯರ್’ ಆಯ್ಕೆಯಿದೆ. ಅದಕ್ಕೆ 2020ರ ಡಿಸೆಂಬರ್ 31 ಎಂದು ಕೊಟ್ಟರೆ, ಆ ದಿನದ ನಂತರ ಅಪ್‌ಲೋಡ್ ಆದ ಯಾವುದನ್ನೂ ಅದು ಪರಿಗಣಿಸುವುದಿಲ್ಲ. ನಿಮಗೆ ಜಿಂಜಾ 2.11.2, ಮಾರ್ಕಪ್‌ಸೇಫ್ 1.1.1, ವೆರ್ಕ್‌ಜಾಯ್ಗ್ 1.0.1 ಹೀಗೆ ಅಂದಿನ ಗುಂಪೇ ಸಿಗುತ್ತದೆ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಕೊನೆಯ ಕಮಿಟ್‌ನ (ದಾಖಲೆಯ) ತಾರೀಖನ್ನೇ ಇಲ್ಲಿ ಬಳಸಬಹುದು. ಪೈಥಾನ್ ಕೂಡ ಆ ಕಾಲದ್ದೇ ಇರಲಿ, ಉದಾಹರಣೆಗೆ 3.8. ಏಕೆಂದರೆ 3.10ರಲ್ಲಿ ‘ಕಲೆಕ್ಷನ್ಸ್’ನಿಂದ ಹಲವು ಹೆಸರುಗಳು, 3.12ರಲ್ಲಿ ‘ಡಿಸ್ಟ್‌ಯುಟಿಲ್ಸ್’ ಮಾಡ್ಯೂಲೇ ಹೋಗಿವೆ. ಇದನ್ನೆಲ್ಲ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿಯೇ (ಈ ಪ್ರಾಜೆಕ್ಟಿನ ಲೈಬ್ರರಿಗಳಿಗೇ ಮೀಸಲಾದ ಜಾಗ) ಮಾಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ದಿನಾಂಕದ ಕ್ರಮದಲ್ಲಿ, ಪೈಥಾನ್ 3.8ರೊಂದಿಗೆ ಲಾಗಿನ್ ಪುಟ ತೆರೆದುಕೊಂಡಿತು. ಇದನ್ನು ಹೀಗೆಯೇ ಸರ್ವರಿಗೆ ಹಾಕಬಹುದೇ?

ಎರಡನೆಯ ಉತ್ತರ:
ದಯವಿಟ್ಟು ಹಾಗೆ ಮಾಡಬೇಡಿ. ಪೈಥಾನ್ 3.8ಕ್ಕೆ ಭದ್ರತಾ ತಿದ್ದುಪಡಿಗಳು 2024ರ ಅಕ್ಟೋಬರಿಗೇ ನಿಂತಿವೆ. ಲಾಗಿನ್ ಇರುವ ಸೈಟನ್ನು ಆ ಸ್ಥಿತಿಯಲ್ಲಿ ಇಂಟರ್ನೆಟ್ಟಿಗೆ ಒಡ್ಡುವುದು ಬಳಕೆದಾರರಿಗೆ ಅನ್ಯಾಯ. ಈಗ ಓಡುತ್ತಿರುವ ಲೈಬ್ರರಿಗಳ ಆವೃತ್ತಿಗಳನ್ನು ‘ಪಿಪ್ ಫ್ರೀಜ್’ನಿಂದ ಫೈಲಿಗೆ ಬರೆದು ಗಿಟ್‌ಗೆ ಸೇರಿಸಿ, ಮುಖ್ಯ ಪುಟಗಳಿಗೆ ಟೆಸ್ಟ್ ಬರೆಯಿರಿ. ಆಮೇಲೆ ಫ್ಲಾಸ್ಕ್ 2ಕ್ಕೆ, ಅಲ್ಲಿಂದ 3ಕ್ಕೆ, ಪ್ರತಿ ಹಂತದಲ್ಲೂ ಟೆಸ್ಟ್ ಓಡಿಸುತ್ತ ಏರಿ.