‘ಯೇ ರಿಶ್ತಾ’ದ ಪಾತ್ರಧಾರಿಗಳ ಪಟ್ಟಿ: ಸೀರತ್‌ಳನ್ನು ಎಲ್ಲಿ ಹಾಕೋದು, ಯಾವ ತಾರೀಕು ಹಿಡಿಯೋದು?

ಡೊಂಬಿವಲಿ ವೀಕ್ಷಕಿ:
ಸ್ಟಾರ್ ಪ್ಲಸ್‌ನ ಹಿಂದಿ ಧಾರಾವಾಹಿ ‘ಯೇ ರಿಶ್ತಾ ಕ್ಯಾ ಕೆಹಲಾತಾ ಹೈ’ 2009ರ ಜನವರಿ 12ರಿಂದ ಬರ್ತಾ ಇದೆ. ಯಾವ ಪಾತ್ರಕ್ಕೆ ಯಾರು, ಯಾವಾಗ ಬಂದರು, ಯಾವಾಗ ಹೋದರು ಅಂತ ಎಕ್ಸೆಲ್‌ನಲ್ಲಿ ಬರೆದಿಡ್ತಿದ್ದೇನೆ, ಪಾತ್ರಕ್ಕೊಂದು ಸಾಲು. ಅಕ್ಷರಾ ಅಂತ ಹುಡುಕಿದರೆ ಇಬ್ಬರು ಬೆರೆತು ಬರ್ತಾರೆ. ನಾಯರಾ, ಸೀರತ್ ಎರಡೂ ಪಾತ್ರ ಒಬ್ಬರೇ ನಟಿ ಮಾಡಿದ್ದು. ಹಾಗಾದರೆ ಸೀರತ್ ಹೊಸ ಸಾಲೋ, ನಾಯರಾಳ ಸಾಲೋ? ತಾರೀಕಂತೂ ಒಂದೊಂದು ಕಡೆ ಒಂದೊಂದು.

ಮುಲುಂಡ್ ಮಾವ:
ಪಾತ್ರಕ್ಕೊಂದು ಸಾಲು ಸಾಲದಮ್ಮ. ಒಬ್ಬ ಕಲಾವಿದರು ಒಂದು ಪಾತ್ರ ಮಾಡಿದ ಅವಧಿಗೆ ಒಂದು ಸಾಲು ಇಡು. ನೈತಿಕ್‌ಗೆ ಎರಡು ಸಾಲು: 2016ರ ತನಕ ಕರಣ್ ಮೆಹ್ರಾ, ಆಮೇಲೆ ವಿಶಾಲ್ ಸಿಂಗ್. ಶಿವಾಂಗಿ ಜೋಶಿಗೂ ಎರಡು: ನಾಯರಾ, ಅವಳು ಸತ್ತ ಮೇಲೆ 2021ರಲ್ಲಿ ಸೀರತ್. ಮುಖ ಒಂದೇ ಆದರೂ ಪಾತ್ರ ಬೇರೆ, ಅದು ಕಲಾವಿದರ ಬದಲಾವಣೆ ಲೆಕ್ಕಕ್ಕೆ ಬರೋದಿಲ್ಲ. ಇನ್ನು ಪ್ರತಿ ಪಾತ್ರಕ್ಕೂ ಒಂದು ಸಂಕೇತ ಕೊಡು. ಹೀನಾ ಖಾನ್ ಮಾಡಿದ ಅಕ್ಷರಾ ಅ1, ಅವಳ ಮೊಮ್ಮಗಳಾಗಿ ಪ್ರಣಾಲಿ ರಾಠೋಡ್ ಮಾಡಿದ ಅಕ್ಷರಾ ಅ2. ಫಿಲ್ಟರ್ ಹೆಸರಿಗೆ ಬೇಡ, ಸಂಕೇತಕ್ಕೆ ಹಾಕು. ಪುಟ್ಟ ನಾಯರಾ ಆಗಿದ್ದ ಅಶ್ನೂರ್ ಕೌರ್ ಸಾಲಿಗೆ ಕಾರಣದ ಕಾಲಂನಲ್ಲಿ ‘ಕಥೆಯ ಜಿಗಿತ’ (ಕಥೆ ಒಮ್ಮೆಲೇ ಕೆಲವು ವರ್ಷ ಮುಂದೆ ಹೋಗೋದು) ಅಂತ ಬರಿ. ಇಲ್ಲದಿದ್ದರೆ ಬೆಳೆದ ಮಕ್ಕಳೆಲ್ಲ ಬಿಟ್ಟುಹೋದವರ ಲೆಕ್ಕಕ್ಕೆ ಸೇರ್ತಾರೆ.

ಪುಣೆ ಕೊತ್ರೂಡ್:
ತಾರೀಕಿಗೆ ಒಂದೇ ನಿಯಮ ಸಾಕು: ಟಿವಿಯಲ್ಲಿ ಆ ಮುಖ ಮೊದಲು ಮತ್ತು ಕೊನೆಗೆ ಕಂಡ ದಿನ. ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಕೊನೆಯ ಶೂಟಿಂಗ್ ಮುಗಿದ ದಿನವೇ ಸುದ್ದಿ ಹೊರಗೆ ಬರುತ್ತೆ, ಆದರೆ ಚಿತ್ರೀಕರಿಸಿಟ್ಟ ಕಂತುಗಳು ಆಮೇಲೂ ಪ್ರಸಾರ ಆಗ್ತಿರುತ್ತವೆ. ಹೊಸಬರ ಪ್ರೋಮೋ ತಾರೀಕೂ ಬೇಡ. ಧಾರಾವಾಹಿ ನೋಡುವ ಆಪ್‌ನಲ್ಲಿ ಕೆಲವೊಮ್ಮೆ ಟಿವಿಗಿಂತ ಮೊದಲೇ ಕಂತು ಸಿಗುವುದರಿಂದ ಅಲ್ಲಿಯ ದಿನವನ್ನು ಬೇರೆ ಕಾಲಂನಲ್ಲಿಡಿ. ಫ್ಲಾಶ್‌ಬ್ಯಾಕ್‌ನ ಹಳೇ ದೃಶ್ಯ, ಹಾರ ಹಾಕಿದ ಫೋಟೊ ‘ಕೊನೆಗೆ ಕಂಡದ್ದು’ ಆಗಲ್ಲ. ಹೆಚ್ಚು ಜನ ಎಡವುವುದು ಇಲ್ಲೇ.
2024ರ ಮಾರ್ಚ್ ಬದಲಾವಣೆಯನ್ನು ಎರಡೆರಡು ಸಾಲಲ್ಲಿ ಬರೆಯಿರಿ: ಅರ್ಮಾನ್ ಪಾತ್ರಕ್ಕೆ ಶೆಹಜಾದಾ ಧಾಮಿ ಹೋಗಿ ರೋಹಿತ್ ಪುರೋಹಿತ್, ರೂಹಿ ಪಾತ್ರಕ್ಕೆ ಪ್ರತೀಕ್ಷಾ ಹೊನ್ಮುಖೆ ಹೋಗಿ ಗರ್ವಿತಾ ಸಾಧ್ವಾನಿ. ಕಥೆ ಅಲ್ಲಿ ಜಿಗಿದಿಲ್ಲ, ಹಾಗಾಗಿ ಕಾರಣ ‘ನಿರ್ಮಾಪಕರ ತೀರ್ಮಾನ’.

ಮುಲುಂಡ್ ಮಾವ:
ಇನ್ನೊಂದು. ‘ಗೈರು’ ಅನ್ನೋ ಕಾಲಂ ಬೇಕೇ ಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶೂಟಿಂಗ್ ನಿಂತಿತು. ಮತ್ತೆ ಶುರುವಾದಾಗ 65 ವರ್ಷ ದಾಟಿದವರು ಸೆಟ್‌ಗೆ ಬರಬಾರದು ಅಂತ ಮಹಾರಾಷ್ಟ್ರ ಸರ್ಕಾರದ ನಿಯಮವಿತ್ತು, ಬಾಂಬೆ ಹೈಕೋರ್ಟ್ ಆಗಸ್ಟ್ 7ರಂದು ಅದನ್ನು ರದ್ದು ಮಾಡಿತು. ಆ ನಡುವೆ ಅಜ್ಜ-ಅಜ್ಜಿ ಪಾತ್ರದವರು ಕಾಣದಿದ್ದರೆ ಬಿಟ್ಟರು ಅಂತ ಬರೆಯಬೇಡ. 2021ರ ಏಪ್ರಿಲ್‌ನಲ್ಲೂ ರಾಜ್ಯದಲ್ಲಿ ಶೂಟಿಂಗ್ ನಿಂತು ಎಷ್ಟೋ ತಂಡಗಳು ಹೊರರಾಜ್ಯಕ್ಕೆ ಹೋಗಿದ್ದವು. ಅದೇ ಪಾತ್ರದಲ್ಲಿ ಬೇರೆ ಮುಖ ಬಂದ ಮೇಲೆ, ಇಲ್ಲವೇ ಕಥೆಯಲ್ಲೇ ಆ ಪಾತ್ರ ಮುಗಿದ ಮೇಲೆ ಮಾತ್ರ ಹಳೇ ಸಾಲು ಮುಚ್ಚು; ತಾರೀಕು ಮಾತ್ರ ಆ ಮುಖ ಕೊನೆಗೆ ಕಂಡ ದಿನದ್ದೇ ಹಾಕು.